ಕಚೇರಿಗೆ ಎಷ್ಟು ತಂಪು ಬೇಕು?

ಸೋಲಾಪುರ, ಅಕ್ಕಲಕೋಟ, ಜತ್ತ ಈ ಭಾಗದ ನಮ್ಮ ವ್ಯಾಪಾರಿ ಬಂಧುಗಳು ಹಳೆಯ ಮಾಳಿಗೆ ಅಂಗಡಿಗಳನ್ನು ಕೆಡವಿ ಮೂರು-ನಾಲ್ಕು ಅಂತಸ್ತಿನ ಕಟ್ಟಡ ಎಬ್ಬಿಸುತ್ತಿದ್ದಾರೆ. ಕೆಳಗೆ ಅಂಗಡಿ, ಮೇಲೆ ಬಾಡಿಗೆಗೆ ಕಚೇರಿ, ಮುಂಭಾಗಕ್ಕೆ ಗಾಜು. ಪಡುವಣ ದಿಕ್ಕಿಗೆ ಮುಖವಿದ್ದರೂ ಗಾಜೇ! ಏಪ್ರಿಲ್ ತಿಂಗಳ ಮಧ್ಯಾಹ್ನ ಒಳಗೆ ಕೂತವನ ಗತಿ ಏನೆಂದು ಕೇಳಿದರೆ, "ಎ.ಸಿ. ಹಾಕಿದರಾಯಿತು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಎ.ಸಿ.ಯ ಬಿಲ್ಲನ್ನು ಮುಂದೆ ವರ್ಷಾನುಗಟ್ಟಲೆ ತುಂಬುವವರು ನಮ್ಮ ಮಕ್ಕಳು, ಮೊಮ್ಮಕ್ಕಳು. ಕಟ್ಟುವಾಗಲೇ ಈ ಲೆಕ್ಕ ಹಾಕಬೇಕೆಂದು ದೇಶ ದೇಶಗಳ ವಿದ್ಯಾರ್ಥಿಗಳು ಒಂದೆಡೆ ಸೇರಿ ಮಾಡುತ್ತಿರುವ ಪ್ರಯತ್ನ ನಮ್ಮ ವಾಚಕರಿಗೆ ತಿಳಿದಿರಬೇಕು.

ಅಮೆರಿಕದ ಇಂಧನ ಇಲಾಖೆ 2002ರಲ್ಲಿ ವಾಷಿಂಗ್ಟನ್ ನಗರದಲ್ಲಿ 'ಸೋಲಾರ್ ಡೆಕಾಥ್ಲಾನ್' ಎಂಬ ಸ್ಪರ್ಧೆ ಆರಂಭಿಸಿತು. ಕಾಲೇಜಿನ ಹುಡುಗ-ಹುಡುಗಿಯರು ಸೂರ್ಯಶಕ್ತಿಯಿಂದಲೇ ನಡೆಯುವ ಮನೆಯನ್ನು ತಾವೇ ರೂಪಿಸಿ, ತಾವೇ ಕಟ್ಟಿ ತೋರಿಸಬೇಕು. ಹತ್ತು ವಿಷಯಗಳಲ್ಲಿ ಪರೀಕ್ಷೆ. ಅದರಲ್ಲಿ ಒಳಗಿನ ಸುಖಕರ ಹವೆಯೂ ಒಂದು. 2011ರ ಸ್ಪರ್ಧೆಯಲ್ಲಿ ಒಳಗಿನ ಉಷ್ಣತೆ 71ರಿಂದ 76 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 22ರಿಂದ 24 ಡಿಗ್ರಿ ಸೆಲ್ಸಿಯಸ್ ನಡುವೆ ನಿಲ್ಲಬೇಕಿತ್ತು. ತೇವಾಂಶ ಶೇಕಡಾ 60ರ ಕೆಳಗಿರಬೇಕು. ಯಂತ್ರ ಅಳೆಯುತ್ತದೆ, ವಾದಕ್ಕೆ ಆಸ್ಪದವಿಲ್ಲ. ಇದರ ಜೊತೆಗೆ ನೆರೆಯ ತಂಡದವರನ್ನು ಊಟಕ್ಕೆ ಕರೆದು ಉಣಬಡಿಸಬೇಕು. ಸುಮ್ಮನೆ ಕುಳಿತ ಮನುಷ್ಯನ ಮೈಯೇ ಸುಮಾರು 100 ವ್ಯಾಟಿನ ಬಲ್ಬಿನಷ್ಟು ಶಾಖ ಬಿಡುತ್ತದೆ. ಮೇಲಾಗಿ ಒಲೆಯ ಕಾವು ಬೇರೆ. ಅತಿಥಿ ಸತ್ಕಾರವೂ ಇಲ್ಲಿ ಒಂದು ಪರೀಕ್ಷೆಯೇ!

2010ರಲ್ಲಿ ಈ ಸ್ಪರ್ಧೆ ಯುರೋಪಿಗೂ ಬಂತು. 2014ರಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ ನಡೆದಾಗ ಮುಂಬಯಿಯ ಐ.ಐ.ಟಿ. ಮತ್ತು ರಚನಾ ಸಂಸದ್‌ನ ವಾಸ್ತುಶಿಲ್ಪ ಕಾಲೇಜಿನ ವಿದ್ಯಾರ್ಥಿಗಳು 'ಟೀಮ್ ಶೂನ್ಯ' ಎಂಬ ಹೆಸರಿನಲ್ಲಿ ಭಾಗವಹಿಸಿದರು. ಈ ಸ್ಪರ್ಧೆಗೆ ಹೋದ ಮೊದಲ ಭಾರತೀಯ ತಂಡ ಅದು. ಬಹುಮಾನ ರೋಮ್ ನಗರದ ತಂಡಕ್ಕೆ ಹೋಯಿತು. ಆದರೆ ಬಿಸಿಲ ನಾಡಿನಿಂದ ಹೋದ ಹುಡುಗರು ಚಳಿ ದೇಶದವರ ಪಕ್ಕದಲ್ಲೇ ಮನೆ ಕಟ್ಟಿ, ಅವರದನ್ನು ನೋಡಿ, ತಮ್ಮದನ್ನು ತೋರಿಸಿ ಬಂದರಲ್ಲ, ಅದೂ ಒಂದು ಗಳಿಕೆ.

ಇನ್ನು ಈ 22, 24 ಡಿಗ್ರಿ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಇದಕ್ಕೂ ವಿದ್ಯಾರ್ಥಿಗಳೇ ಕಾರಣರು. ಡೆನ್ಮಾರ್ಕಿನ ಪ್ರೊ. ಫ್ಯಾಂಗರ್ ಎಂಬವರು ಅಮೆರಿಕ ಮತ್ತು ಡೆನ್ಮಾರ್ಕಿನ ಕಾಲೇಜು ವಿದ್ಯಾರ್ಥಿಗಳನ್ನು ಮುಚ್ಚಿದ ಕೋಣೆಗಳಲ್ಲಿ ಕೂರಿಸಿ ನಡೆಸಿದ ಪ್ರಯೋಗಗಳ ಆಧಾರದ ಮೇಲೆ 1970ರಲ್ಲಿ ಒಂದು ಸೂತ್ರ ಕೊಟ್ಟರು. ಗಾಳಿಯ ಉಷ್ಣತೆ, ಸುತ್ತಲಿನ ಗೋಡೆ-ಗಾಜಿನ ಕಾವು, ಗಾಳಿಯ ವೇಗ, ತೇವಾಂಶ, ತೊಟ್ಟ ಬಟ್ಟೆ, ಮಾಡುವ ಕೆಲಸ ಈ ಆರೂ ಅದರಲ್ಲಿವೆ. ಎಷ್ಟೇ ಸರಿ ಮಾಡಿದರೂ ನೂರರಲ್ಲಿ ಐವರಿಗೆ ಸಮಾಧಾನವಿರದು ಎಂದೂ ಆ ಸೂತ್ರವೇ ಹೇಳುತ್ತದೆ. (ನಮ್ಮ ಗಿರಾಕಿಗಳ ವಿಷಯದಲ್ಲಿ ಐವರು ಬಹಳ ಕಡಿಮೆಯಾಯಿತು!) ತೊಡಕಾದದ್ದು ಅದನ್ನು ಬಳಸುವಲ್ಲಿ. ಶರೀರದ ಶಾಖದ ಲೆಕ್ಕಕ್ಕೆ 40 ವರ್ಷದ, 70 ಕಿಲೋ ತೂಕದ ಗಂಡಸನ್ನು ಮಾದರಿಯಾಗಿ ಹಿಡಿದಿದ್ದಾರೆ, ಹೆಂಗಸರ ಶರೀರ ಬಿಡುವ ಶಾಖ ಅದಕ್ಕಿಂತ ಕಡಿಮೆ ಎಂದು 2015ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ತೋರಿಸಿದರು. ಪುಣೆ, ಬೆಂಗಳೂರುಗಳಲ್ಲಿ ನೌಕರಿ ಮಾಡುವ ನಮ್ಮ ಹೆಣ್ಣುಮಕ್ಕಳು ಮೇ ತಿಂಗಳಲ್ಲೂ ಸ್ವೆಟರ್ ಒಯ್ಯುವುದೇಕೆಂದು ಈಗ ತಿಳಿಯಿತಲ್ಲವೇ?

ನಮ್ಮ ದೇಶದ ಲೆಕ್ಕ ಬೇರೆಯೇ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೆಂಗಳೂರು ಸೇರಿದಂತೆ ಐದು ಊರುಗಳ 16 ಕಚೇರಿ ಕಟ್ಟಡಗಳಲ್ಲಿ ಕೆಲಸ ಮಾಡುವವರನ್ನೇ ಕೇಳಿ, 6,330 ಉತ್ತರ ಕಲೆಹಾಕಿದರು. ಅದರಿಂದ ಹೊರಟ ಸೂತ್ರ ಬಲು ಸುಲಭ. ಕಿಟಕಿ ತೆರೆದು ನಡೆಯುವ ಕಚೇರಿಯಾದರೆ, ಹಿಂದಿನ 30 ದಿನಗಳ ಹೊರಗಿನ ಸರಾಸರಿ ಉಷ್ಣತೆಯನ್ನು 0.54ರಿಂದ ಗುಣಿಸಿ 12.83 ಕೂಡಿಸಬೇಕು. ಹೊರಗೆ ಸರಾಸರಿ 32 ಇದ್ದರೆ ಒಳಗೆ 30 ಡಿಗ್ರಿ ನಮ್ಮವರಿಗೆ ಹಿತ! ಕೆಲವು ಕಾಲ ಕಿಟಕಿ, ಕೆಲವು ಕಾಲ ಎ.ಸಿ. ಬಳಸುವ ಕಟ್ಟಡಕ್ಕೆ ಅದೇ ಧಗೆಯಲ್ಲಿ ಸುಮಾರು 27 ಸಾಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಈ ಸೂತ್ರಕ್ಕೆ ಸ್ಥಾನ ದೊರೆತಿದೆ. ಎ.ಸಿ.ಯನ್ನು ಒಂದು ಡಿಗ್ರಿ ಮೇಲಕ್ಕೆ ಇಟ್ಟರೆ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 6 ಉಳಿಯುತ್ತದೆಂದು ಸರಕಾರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 18ಕ್ಕೆ ಇಟ್ಟು ಶಾಲು ಹೊದ್ದು ಕೂರುವ ಶ್ರೀಮಂತಿಕೆಯ ಬೆಲೆಯನ್ನು ವಾಚಕರೇ ಗುಣಿಸಿ ನೋಡಲಿ.

ಆ ಅಮೆರಿಕದ ಸ್ಪರ್ಧೆಯ ಭಾರತೀಯ ರೂಪ 2020ರಲ್ಲಿ ಆರಂಭವಾಯಿತು. ನಡೆಸಿದವರಲ್ಲಿ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಫಾರ್ ಹ್ಯೂಮನ್ ಸೆಟಲ್‌ಮೆಂಟ್ಸ್ ಸಂಸ್ಥೆಯೂ ಒಂದು. ಇದರಲ್ಲಿ ಕಚೇರಿ ಕಟ್ಟಡಗಳದೇ ಒಂದು ಪ್ರತ್ಯೇಕ ವಿಭಾಗ ಇಟ್ಟರು. ವರ್ಷಕ್ಕೆ ಬೇಕಾದಷ್ಟು ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಳ್ಳುವ, ಖರ್ಚು ಮಿತಿಯಲ್ಲಿರುವ ಕಟ್ಟಡವನ್ನು ವಿದ್ಯಾರ್ಥಿಗಳು ರೂಪಿಸಬೇಕು. ನನಗೆ ಹಿಡಿಸಿದ್ದು ಇನ್ನೊಂದು ನಿಯಮ: ಕೆಲಸ ಬರೀ ಕಾಗದದ ಮೇಲಿನದಲ್ಲ, ನಿಜವಾಗಿ ಕಟ್ಟಡ ಕಟ್ಟಿಸಲು ಹೊರಟ ಮಾಲೀಕ ಅಥವಾ ಬಿಲ್ಡರನ ಜೊತೆಗೂಡಿಯೇ ಮಾಡಬೇಕು. ಜಾಗ ಅವನದು, ಬಜೆಟ್ಟೂ ಅವನದು. ಪಡುವಣ ಗೋಡೆಗೆ ಗಾಜೇಕೆ, ಕಿಟಕಿಗೆ ಸಜ್ಜಾ ಎಷ್ಟು ಉದ್ದ, ಮೇಲ್ಛಾವಣಿಗೆ ಬಿಳಿ ಬಣ್ಣ ಬಳಿದರೆ ಎಷ್ಟು ಕಾವು ತಗ್ಗೀತು, ಫ್ಯಾನು ತಿರುಗುತ್ತಿದ್ದರೆ ಎ.ಸಿ.ಯನ್ನು ಎಷ್ಟಕ್ಕೆ ಇಡಬಹುದು ಎಂಬ ಪ್ರಶ್ನೆಗಳನ್ನು ಆ ಮಕ್ಕಳು ಮಾಲೀಕನ ಮುಂದೆಯೇ ಲೆಕ್ಕ ಸಮೇತ ಇಡುತ್ತಾರೆ. ನಮ್ಮಲ್ಲಿ ಕಟ್ಟಡಕ್ಕೆ ಕೈಹಾಕುವವರು ನಕಾಶೆ ಪಾಸಾಗುವ ಮೊದಲು ಇಷ್ಟನ್ನಾದರೂ ತಮ್ಮ ಎಂಜಿನಿಯರನ್ನು ಕೇಳಲಿ. ಮಗನೋ ಮಗಳೋ ವಾಸ್ತುಶಿಲ್ಪ ಓದುತ್ತಿದ್ದರೆ ಅವರ ಕೈಗೇ ನಕಾಶೆ ಕೊಡಬಹುದು.