ಕಟ್ಟಡ ಕಾಯಕದವರ ತಲೆಯ ರಕ್ಷಣೆ

ಕಾಯಕವನ್ನು ಪೂಜೆಯೆಂದೇ ಬಗೆದ ಶರಣರ ಪರಂಪರೆ ನಮ್ಮದು. ಕಾಯಕ ನಡೆಯಬೇಕಾದರೆ ಕಾಯ ಉಳಿಯಬೇಕು. ನಮಗಾಗಿ ಮನೆ, ಮಂದಿರ, ಶಾಲೆಗಳನ್ನು ಕಟ್ಟುವವರ ಮೇಲೆ ಇಟ್ಟಿಗೆಯೋ ಸುತ್ತಿಗೆಯೋ ಬಿದ್ದು ಆಗುವ ಗಾಯಗಳನ್ನು ಕುರಿತು ಈ ತಿಂಗಳು ವಿಚಾರ ಮಾಡೋಣ.

ಸುಮಾರು 3 ಕಿಲೋ ತೂಕದ ಇಟ್ಟಿಗೆಯೊಂದು 10 ಮೀಟರ್ ಎತ್ತರದಿಂದ ಜಾರಿದರೆ ಒಂದೂವರೆ ಸೆಕೆಂಡಿನೊಳಗೆ ನೆಲ ಮುಟ್ಟುತ್ತದೆ. ಆಗ ಅದರ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. ಮೇಲಿನವರ ಕೂಗು ಕೇಳಿ ಸರಿಯುವಷ್ಟು ಕಾಲಾವಕಾಶ ಕೆಳಗಿನವರಿಗೆ ಇರುವುದಿಲ್ಲ. ಆದುದರಿಂದ ವಸ್ತು ಬೀಳದಂತೆ ತಡೆಯುವುದೇ ಮೊದಲ ಉಪಾಯ. ಸಾರವೆಯ ಅಂಚಿಗೆ ಅಡ್ಡಹಲಗೆ ಕಟ್ಟಬೇಕು, ಬಲೆ ಹಾಕಬೇಕು. ಇಟ್ಟಿಗೆಗಳನ್ನು ಅಂಚಿನಲ್ಲಿ ಪೇರಿಸಬಾರದು. ಸಾಮಾನು ಮೇಲೇರುವಾಗ ಅದರ ಕೆಳಗೆ ಯಾರೂ ನಿಲ್ಲಬಾರದು. ಕೆಲಸಗಾರರ ಮಕ್ಕಳು ಆಡುವ ಜಾಗ ಕಟ್ಟಡದಿಂದ ದೂರವಿರಬೇಕು.

ಎರಡನೆಯದು ಹೆಲ್ಮೆಟ್. ಅದರ ಚಿಪ್ಪಿಗೂ ಒಳಪಟ್ಟಿಗಳಿಗೂ ನಡುವೆ ಇರುವ ತೆರಪೇ ಪೆಟ್ಟಿನ ರಭಸವನ್ನು ತಗ್ಗಿಸುತ್ತದೆ. ಅಲ್ಲಿ ಟವೆಲ್ಲು, ಬೀಡಿಕಟ್ಟುಗಳನ್ನು ತುರುಕಿದರೆ ರಕ್ಷಣೆ ಕುಂದುತ್ತದೆ. ಐಎಸ್ 2925 ಗುರುತು ನೋಡಿ ಕೊಳ್ಳಬೇಕು. ಗದ್ದದ ಪಟ್ಟಿ ಬಿಗಿಯಬೇಕು. ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಬಿರುಕು ಕಾಣದಿದ್ದರೂ, ಬದಲಿಸಬೇಕು.

ಪೆಟ್ಟು ಬಿದ್ದವರು ಎದ್ದು ಕುಳಿತು ಮಾತನಾಡಿದರೆಂದು ನಿಶ್ಚಿಂತರಾಗುವುದು ನಾವು ಮಾಡುವ ದೊಡ್ಡ ತಪ್ಪು. ಕಪೋಲದ ಮೇಲ್ಭಾಗದಲ್ಲಿ, ಕಣ್ಣಿಗೂ ಕಿವಿಗೂ ನಡುವೆ, ತಲೆಬುರುಡೆ ತೆಳುವಾಗಿದೆ. ಅಲ್ಲಿನ ಮೂಳೆ ಒಡೆದು ಒಳಗಿನ ರಕ್ತನಾಳ ಹರಿದರೆ ರಕ್ತ ಕೂಡಿಕೊಂಡು ಮೆದುಳನ್ನು ಒತ್ತತೊಡಗುತ್ತದೆ. ಕೆಲವು ಗಂಟೆ ಚೆನ್ನಾಗಿಯೇ ಇದ್ದವರು ಅನಂತರ ಪ್ರಜ್ಞೆ ತಪ್ಪುವುದು ಹೀಗೆ. ಹೆಚ್ಚುತ್ತಿರುವ ತಲೆನೋವು, ಮರುಮರಳಿ ವಾಂತಿ, ಮಂಪರು, ತೊದಲು, ಕಿವಿ ಮೂಗುಗಳಿಂದ ರಕ್ತ ಅಥವಾ ತಿಳಿನೀರು, ಕಣ್ಣುಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಲಕ್ಷಣವಿಲ್ಲದಿದ್ದರೂ ವೈದ್ಯರಿಗೆ ತೋರಿಸಿ, ಒಂದು ದಿನವಾದರೂ ಒಂಟಿಯಾಗಿ ಬಿಡದೆ ನೋಡಿಕೊಳ್ಳಬೇಕು.

ಬಿದ್ದವರನ್ನು ಹಿಡಿದೆತ್ತಿ ಕೂರಿಸಬಾರದು, ಕುತ್ತಿಗೆಗೂ ಏಟಾಗಿರಬಹುದು. ತಲೆ, ಕುತ್ತಿಗೆ ಅಲುಗದಂತೆ ಹಿಡಿದು 108ಕ್ಕೆ ಕರೆ ಮಾಡಬೇಕು. ರಕ್ತ ಸೋರುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಬೇಕು. ಬುರುಡೆ ತಗ್ಗಾಗಿದ್ದಲ್ಲಿ ಮಾತ್ರ ಒತ್ತಬಾರದು. ನೀರು ಕುಡಿಸಬಾರದು. ವಾಂತಿಯಾದರೆ ತಲೆ ಮೈಗಳನ್ನು ಒಟ್ಟಿಗೇ ಪಕ್ಕಕ್ಕೆ ಹೊರಳಿಸಬೇಕು.

ಗೃಹಪ್ರವೇಶದ ದಾಸೋಹಕ್ಕೆ ಬೇಕಾದುದನ್ನೆಲ್ಲ ಮುಂಚಿತವಾಗಿ ಅಣಿಗೊಳಿಸುವ ನಾವು, ಪಾಯ ತೋಡುವ ದಿನವೇ ಹೆಲ್ಮೆಟ್ಟುಗಳನ್ನೂ ತರಿಸಿಡೋಣ. ಮನೆ ಕಟ್ಟಿದವರು ತಮ್ಮ ಮನೆಗೆ ಕ್ಷೇಮವಾಗಿ ಮರಳಿದರೆ ಮಾತ್ರ ನಮ್ಮ ಮನೆ ಮಂಗಳಕರವಾದೀತು.