ಅಜ್ಜಿಯ ಟ್ರಂಕಿನಲ್ಲಿ ಗಂಟು ಹಾಕಿದ ಚೀಟಿಗಳು

ನನ್ನ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಕಾಗದದ ಬೆಲೆ ನಮ್ಮ ಮನೆಯಲ್ಲಿ ಅವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಮೊನ್ನೆ ಆಟಿ ತಿಂಗಳಲ್ಲಿ ತೀರಿಕೊಂಡಾಗ ಆಧಾರ್ ಕಾರ್ಡಿನ ಪ್ರಕಾರ ಅವರಿಗೆ 94. ಅದೂ ಅಂದಾಜಿನ ಲೆಕ್ಕ. 1923ರಲ್ಲಿ ನೇತ್ರಾವತಿ ಉಕ್ಕಿ ಬಂದ ನೆರೆಯನ್ನು ನಮ್ಮ ಕಡೆ ಇಂದಿಗೂ ‘ಮಾರಿಬೊಳ್ಳ’ ಎನ್ನುತ್ತಾರೆ. ಅದಾಗಿ ಏಳು ವರ್ಷಕ್ಕೆ ತಾನು ಹುಟ್ಟಿದ್ದು ಎನ್ನುತ್ತಿದ್ದರು.

ಬಂಟ್ವಾಳ ತಾಲ್ಲೂಕಿನ ನಮ್ಮೂರಲ್ಲಿ ಅಜ್ಜ ಚಾಲಗೇಣಿ ಒಕ್ಕಲು. ಒಂದೂಕಾಲು ಎಕರೆ ಗದ್ದೆ, ವರ್ಷಕ್ಕೆ ಎಂಟು ಮುಡಿ ಅಕ್ಕಿ ಗೇಣಿ. ಅಜ್ಜ ತೀರಿಕೊಂಡಾಗ ಅಜ್ಜಿಗೆ ನಲವತ್ತು ತುಂಬಿರಲಿಲ್ಲ, ಐದು ಮಕ್ಕಳು. ಹಗಲು ಗದ್ದೆ, ರಾತ್ರಿ ಚಿಮಣಿ ದೀಪದೆದುರು ಬೀಡಿ. ಗೇಣಿ ಕೊಟ್ಟಾಗಲೆಲ್ಲ ಚೀಟಿ ಕೇಳಿ ತೆಗೆದುಕೊಳ್ಳುತ್ತಿದ್ದರಂತೆ. “ನಂಬಿಕೆ ಇಲ್ಲವಾ?” ಎಂದು ಕೇಳಿದರೆ, “ನಂಬಿಕೆ ಉಂಟು ಧಣಿ, ನೆನಪು ಸಾಲುವುದಿಲ್ಲ” ಎನ್ನುತ್ತಿದ್ದರಂತೆ.

ಆ ಚೀಟಿಗಳಿಗೆ ಬೆಲೆ ಬಂದದ್ದು 1974ರಲ್ಲಿ. ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾಯಿತು. ಉಳುವವನೇ ಹೊಲದೊಡೆಯ. ಅದೇ ಜುಲೈಯಲ್ಲಿ ಮತ್ತೆ ನೆರೆ. ನೀರು ಅಂಗಳಕ್ಕೆ ಬಂದಾಗ ಅಜ್ಜಿ ಅಕ್ಕಿಮುಡಿ ಬಿಟ್ಟು ಟ್ರಂಕನ್ನು ತಲೆ ಮೇಲೆ ಹೊತ್ತು ಗುಡ್ಡ ಹತ್ತಿದರು. ಅಮ್ಮನಿಗೆ ಆಗ ಒಂಬತ್ತು ವರ್ಷ. ಆ ರಾತ್ರಿ ಹಸಿದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಆಮೇಲೆ ಡಿಕ್ಲರೇಶನ್. 7ನೇ ನಮೂನೆ ತುಂಬಿಸಿ ಕೊಡಬೇಕು, ಭೂ ನ್ಯಾಯಮಂಡಳಿ ಕರೆದಾಗಲೆಲ್ಲ ಹೋಗಬೇಕು. ಅನ್ನ ಕೊಟ್ಟವರ ಎದುರು ನಿಲ್ಲುವುದು ಹೇಗೆ ಎಂಬ ಸಂಕೋಚಕ್ಕೇ ನಮ್ಮೂರಲ್ಲಿ ಕೆಲವರು ಅರ್ಜಿ ಕೊಡಲಿಲ್ಲ. ಅಜ್ಜಿ ಕೊಟ್ಟರು. ವಿಚಾರಣೆ ಐದಾರು ವರ್ಷ ಎಳೆಯಿತು. ವಾಯಿದೆಯ ಹಿಂದಿನ ರಾತ್ರಿಗಳಲ್ಲಿ ಬಸ್ಸಿನ ದುಡ್ಡಿಗಾಗಿ ಇನ್ನಷ್ಟು ಬೀಡಿ ಕಟ್ಟುತ್ತಿದ್ದರು. ಮಂಡಳಿಯ ಎದುರು ಚೀಟಿಗಳನ್ನು ವರ್ಷದ ಕ್ರಮದಲ್ಲೇ ಜೋಡಿಸಿಟ್ಟರಂತೆ. ಓದು ಬಾರದವರು ಹೇಗೆ ಜೋಡಿಸಿದರು? ಪ್ರತಿ ಚೀಟಿಯ ಮೂಲೆಯಲ್ಲಿ ಬೀಡಿ ನೂಲಿನ ಗಂಟು. ಮೊದಲ ವರ್ಷದ್ದಕ್ಕೆ ಒಂದು, ಎರಡನೆಯದಕ್ಕೆ ಎರಡು. ಜಾಗ ಅಜ್ಜಿಯ ಹೆಸರಿಗಾಯಿತು.

ನಾನು ಎರಡು ವರ್ಷದಿಂದ ಸರ್ಕಾರಿ ನೌಕರಿಯ ಪರೀಕ್ಷೆ ಬರೆಯುತ್ತಿದ್ದೇನೆ. ದಾಖಲೆ ಪರಿಶೀಲನೆಗೆ ಹೊರಟಾಗ ಅಜ್ಜಿ ನನ್ನ ಫೈಲನ್ನು ತೊಡೆ ಮೇಲಿಟ್ಟುಕೊಂಡು ಅಂಕಪಟ್ಟಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲದೆ ವಾಪಸಾದ ದಿನಗಳಲ್ಲಿ ನೆಂಟರು “ಕೆಲಸ ಯಾವಾಗ?” ಎಂದು ಕೇಳುತ್ತಿದ್ದರೆ, ಅಜ್ಜಿ ಕೇಳುತ್ತಿದ್ದುದು “ಮುಂದಿನ ವಾಯಿದೆ ಯಾವಾಗ ಮಗಾ?” ಎಂದು ಮಾತ್ರ.

ಬೊಜ್ಜ ಮುಗಿದ ಮೇಲೆ ಮಾವಂದಿರು ಜಾಗ ಮಾರುವ ಮಾತೆತ್ತಿದರು. ಹೆದ್ದಾರಿ ಹತ್ತಿರ, ಒಳ್ಳೆಯ ಬೆಲೆ ಇದೆ. ಅವರದ್ದು ತಪ್ಪು ಎನ್ನಲಾರೆ. ಕಿರಿಯ ಮಾವನಿಗೆ ಸಾಲವಿದೆ, ಗದ್ದೆಗೆ ಇಳಿಯುವವರು ಯಾರೂ ಇಲ್ಲ. ಅಮ್ಮ ಏನೂ ಹೇಳದೆ ಟ್ರಂಕನ್ನು ತಂದು ಚಾವಡಿಯಲ್ಲಿಟ್ಟರು. ಚೀಟಿಗಳು ಕೈಯಿಂದ ಕೈಗೆ ಹೋದವು. ಹಿರಿಯ ಮಾವ ಒಂದರ ಗಂಟುಗಳನ್ನು ಬೆರಳಲ್ಲಿ ಸವರಿ ಎಣಿಸಿ, “ಇದು ಅಪ್ಪ ಹೋದ ಐದನೇ ವರ್ಷದ್ದು” ಎಂದರು.

ಮಾತು ದೀಪಾವಳಿಗೆ ಮುಂದೆ ಹೋಗಿದೆ. ಪೌತಿ ಖಾತೆಗೆ ಅರ್ಜಿ ಹಾಕುವ ಕೆಲಸ ನನಗೆ ಬಿಟ್ಟಿದ್ದಾರೆ. ಟ್ರಂಕಿನ ಕೀಲಿಕೈ ಸದ್ಯಕ್ಕೆ ನನ್ನ ಹತ್ತಿರವೇ ಇದೆ.