ಹಿತ್ತಲಿನ ವಸಂತ

ಹೊಂಗೆ ಚಿಗುರಿ, ಮಾವು ಹೂತು, ಕೋಗಿಲೆ ಕೂಗಿತೆಂದರೆ ನಮ್ಮ ಹಳ್ಳಿಗಳಿಗೆ ವಸಂತ ಬಂದಿತೆಂದೇ ಅರ್ಥ. ಹಾಗೆ ಕೂಗುವುದು ಕಪ್ಪು ಮೈಯ ಗಂಡು ಕೋಗಿಲೆ. ಚುಕ್ಕೆಗಳುಳ್ಳ ಕಂದು ಬಣ್ಣದ ಹೆಣ್ಣು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡಲು ಹೊಂಚುಹಾಕುತ್ತಿರುತ್ತದೆ. ಆದರೆ ವಸಂತದ ವೈಭವವನ್ನು ಕಾಣಲು ಮರದ ತುದಿಯನ್ನೇ ನೋಡಬೇಕಾಗಿಲ್ಲ. ಮನೆಯ ಹಿತ್ತಲಿನ ನಿಂಬೆಗಿಡದ ಬಳಿ ಅರ್ಧ ಗಂಟೆ ಕುಳಿತರೆ ಸಾಕು.

ಎಳೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತಹದೇನೋ ಅಂಟಿಕೊಂಡಿರುತ್ತದೆ. ಅದು ಹಿಕ್ಕೆಯಲ್ಲ, ನಿಂಬೆ ಚಿಟ್ಟೆಯ ಮರಿಹುಳು. ವೈರಿಯ ಕಣ್ಣು ತಪ್ಪಿಸಲು ತಳೆದ ವೇಷವದು. 4 ಬಾರಿ ಪೊರೆ ಕಳಚಿದ ಮೇಲೆ ಅದು ಎಲೆಯದೇ ಹಸಿರನ್ನು ಉಡುತ್ತದೆ. ಆಗ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಅಂಗವೊಂದನ್ನು ಹೊರಚಾಚಿ ಕಟುವಾಸನೆ ಬೀರುತ್ತದೆ.

ಎಲೆಗಳು ಬರಿದಾಗುವುದನ್ನು ಕಂಡಾಗ ಕೈ ಕೀಟನಾಶಕದತ್ತ ಹೋಗುವುದು ಸಹಜ. ಆದರೆ ಹುಳುಗಳೆಲ್ಲ ಸತ್ತರೆ ಕಪ್ಪು-ಹಳದಿ ರೆಕ್ಕೆಯ ಚಿಟ್ಟೆಯೂ ಇಲ್ಲ, ಸಿಂಪಿಗ ಹಕ್ಕಿ ತನ್ನ ಮರಿಗಳಿಗೆ ತರುವ ತುತ್ತೂ ಇಲ್ಲ. ಬೆಳೆದ ಗಿಡ ಕೆಲವು ಎಲೆಗಳನ್ನು ಕಳೆದುಕೊಂಡರೂ ಮತ್ತೆ ಚಿಗುರಬಲ್ಲದು. ಎಳೆಯ ಸಸಿಯಾದರೆ ಹುಳುಗಳನ್ನು ಕಡ್ಡಿಯಿಂದೆತ್ತಿ ದೊಡ್ಡ ನಿಂಬೆಗಿಡಕ್ಕೆ ಬಿಡಬಹುದು. ಈ ಚಿಟ್ಟೆ ಕರಿಬೇವಿನ ಮೇಲೂ ಮೊಟ್ಟೆಯಿಡುತ್ತದೆ. ಅಡುಗೆಮನೆಯವರಿಗೆ ಅದು ಹಿಡಿಸದಿರುವುದು ಬೇರೆ ಮಾತು!

ಜೇಡರ ಬಲೆಯನ್ನೂ ಅವಸರದಿಂದ ಗುಡಿಸಬಾರದು. ಸುಮಾರು 10 ಸೆಂಟಿಮೀಟರ್ ಉದ್ದದ ಸೂರಕ್ಕಿ ಆ ನೂಲನ್ನೇ ಎಳೆದೊಯ್ದು, ನಾರು, ತೊಗಟೆಯ ಚೂರುಗಳನ್ನು ಬಿಗಿದು, ತೆಳುವಾದ ರೆಂಬೆಯ ತುದಿಗೆ ಗೂಡನ್ನು ತೂಗುಬಿಡುತ್ತದೆ. ದೂರಕ್ಕೆ ಅದು ಗಾಳಿಯಲ್ಲಿ ಹಾರಿಬಂದು ಸಿಕ್ಕಿಕೊಂಡ ಕಸದಂತೆಯೇ ಕಾಣುತ್ತದೆ. ಕತ್ತರಿ ಹಿಡಿದು ಗಿಡ ಸವರಲು ಹೊರಟವರು ಮೊದಲು ಆ ಕಸವನ್ನು ಕಣ್ಣಿಟ್ಟು ನೋಡಬೇಕು. ಪಕ್ಕದ ಪುಟ್ಟ ಬಾಗಿಲಲ್ಲಿ ಬಾಗಿದ ಕೊಕ್ಕೊಂದು ಕಾಣಿಸೀತು.